ಹೆಬ್ಬೆರಳಿಗೆ ಹತ್ತುವ ದೀಪ

ಅಂದಾನೆಪ್ಪನ ಹಳೇ ಅಂಬಾಸಡರ್ ಕಾರಿನ ಹಿಂದಿನ ಕೆಂಪು ದೀಪ ಹತ್ತಬೇಕಾದರೆ ಬ್ರೇಕಿನ ಮೇಲೆ ಎದ್ದು ನಿಂತ ಹಾಗೆ ತುಳಿಯಬೇಕಿತ್ತು. ಅಷ್ಟರಲ್ಲಿ ಕಾರು ನಿಂತು, ಹಿಂದಿನವರು ಬಂದು ಗುದ್ದಿಯೂ ಆಗಿರುತ್ತಿತ್ತು. ಎದುರುಮನೆಯ ಉಡಚಪ್ಪನೊಬ್ಬನೇ ಬೈಕಿನಿಂದ ಎರಡು ಸಲ ಗುದ್ದಿದ್ದ. ಎರಡನೆಯ ಗುದ್ದಿಗೆ ಎಡಗಡೆಯ ದೀಪವೇ ಹೋಯಿತು. ಅವತ್ತು ಅಂದಾನೆಪ್ಪನ ಹೆಂಡತಿ ನಿರ್ಮಲಾ ತೀರ್ಪು ಕೊಟ್ಟುಬಿಟ್ಟಳು.

“ಇನ್ನೊಮ್ಮೆ ಹಿಂದಿಂದ ಗುದ್ದಿದ ಸುದ್ದಿ ಬಂದ್ರ ಈ ಗಾಡಿ ಗುಜರಿಗೆ. ಖರೇನ ಹೇಳಾಕತ್ತೇನಿ.”

ಅಪ್ಪ ಬಿಟ್ಟುಹೋದ ಕಾರು. ಗಜೇಂದ್ರಗಡದ ಪೇಟೆಯಲ್ಲಿ ಅದರೊಳಗೆ ಕೂತಾಗ ಮಾತ್ರ ನಾಲ್ಕು ಜನ ಅಂದಾನೆಪ್ಪನಿಗೆ ನಮಸ್ಕಾರ ಮಾಡುತ್ತಿದ್ದರು. ಗುಜರಿ ಎಂಬ ಮಾತು ಕೇಳಿದ್ದೇ ತಡ, ಹುಬ್ಬಳ್ಳಿಯಿಂದ ಹೊಸ ಸ್ವಿಚ್ಚು ತರಿಸಿ, ಭಾನುವಾರ ಬೆಳಿಗ್ಗೆ ಪೆಡಲಿನ ಪಕ್ಕದಲ್ಲಿ ತಾನೇ ಕೂರಿಸಿದ. ಪೆಡಲು ತುಸು ಅಲುಗಿದರೂ ಸಾಕು, ದೀಪ ಹತ್ತಬೇಕು.

ಆದರೆ ಪೆಡಲು ತುಳಿದವನಿಗೆ ದೀಪ ಕಾಣುವುದಿಲ್ಲ, ದೀಪ ನೋಡುವವನಿಗೆ ಪೆಡಲು ಎಟುಕುವುದಿಲ್ಲ. ಅಂದಾನೆಪ್ಪ ಕರೆದದ್ದು ಉಡಚಪ್ಪನನ್ನು. ಅವನ ಜೊತೆಗೆ ಬಂದದ್ದು ಪಕ್ಕದ ಮನೆಯ ಜಮಾಲಬಿ ಮತ್ತು ಅರ್ಧ ಓಣಿ.

“ಹತ್ತೇತೇನೋ?”

“ಹತ್ತೇತ್ರಿ ಅಣ್ಣಾರ! ಅಯ್ಯ, ಹೋತು.”

ಉಳಿದಿದ್ದ ಒಂದೇ ಮುದಿ ಬಲ್ಬೂ ಸುಟ್ಟುಹೋಗಿತ್ತು. ಭಾನುವಾರ ಅಂಗಡಿ ಬಂದ್ ಆಗಿತ್ತು.

“ಅಕ್ಕಾರ ಸ್ಕೂಟಿದು ಕಿತ್ತು ಹಾಕ್ರಲ್ಲ, ಅದೂ ಇಂಥಾದ ಐತಿ” ಎಂದ ಉಡಚಪ್ಪ, ಅಂಗಳದಲ್ಲಿದ್ದ ನಿರ್ಮಲಾಳ ಸ್ಕೂಟಿ ತೋರಿಸಿ.

“ಆಕಿಗೆ ಹೇಳದನ?”

“ನಾಳೆ ಹೊಸಾದು ತಂದು ಹಾಕಿದ್ರಾತು. ತಮ್ಮ ಗಾಡಿ ಹಿಂದಿನ ದೀಪ ಯಾರ್ ತಿರುಗಿ ನೋಡ್ತಾರ್ರಿ?”

ನಿರ್ಮಲಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸ್ಕೂಟಿಯ ಬಲ್ಬು ಅಂಬಾಸಡರಿಗೆ ಹೋಯಿತು. “ನಾ ಏನೂ ನೋಡಿಲ್ಲಣ್ಣಾ, ನಾ ಇಲ್ಲಿಗೆ ಬಂದೇ ಇಲ್ಲ” ಎಂದು ಜಮಾಲಬಿ ಸೆರಗು ಹೊದ್ದು ಮನೆಗೆ ನಡೆದಳು.

ದೀಪವೇನೋ ಝಗ್ಗನೆ ಹತ್ತಿತು. ಉಡಚಪ್ಪನಿಗೆ ಅಷ್ಟು ಸಾಲಲಿಲ್ಲ.

“ರಸ್ತೆಮ್ಯಾಲೆ ನೋಡೂಣ್ರಿ. ನೀವು ಮುಂದ ನಡೀರಿ, ನಾ ಬೈಕ್ ಮ್ಯಾಲೆ ಹಿಂದ ಬರ್ತೇನಿ. ತುಳಿಯೂದ ಬ್ಯಾಡ, ಕಾಲಿನ ಹೆಬ್ಬಟ್ಟು ಮುಟ್ಟಿಸಿದ್ರ ಸಾಕು.”

ಪಕ್ಕದ ಊರು ರಾಜೂರಿನವರೆಗೂ ಅಂದಾನೆಪ್ಪ ಹೆಬ್ಬೆರಳು ಮುಟ್ಟಿಸುತ್ತ ಹೋದ. ಮುಟ್ಟಿಸಿದಾಗಲೆಲ್ಲ ಹಿಂದೆ ಉಡಚಪ್ಪ “ಭಾಳ ಚಲೋ!” ಎಂದು ಕೂಗುತ್ತಿದ್ದ, ಟೆಂಪೋ, ಟ್ರ್ಯಾಕ್ಟರುಗಳೂ ಮರ್ಯಾದೆಯಿಂದ ದೂರ ಸರಿಯುತ್ತಿದ್ದವು. ಕನ್ನಡಿಯಲ್ಲಿ ಅದನ್ನೆಲ್ಲ ನೋಡಿ ಅಂದಾನೆಪ್ಪನಿಗೆ ಬಹಳ ಸಂತೋಷವಾಯಿತು. ಕನ್ನಡಿಯಿಂದ ಕಣ್ಣು ತೆಗೆಯದೆಯೇ ವಾಪಸ್ಸು ಊರೊಳಗೆ ಬಂದ.

ಪೇಟೆಯ ತಿರುವಿನಲ್ಲಿ ಮುಂದೆ ಹೋಗುತ್ತಿದ್ದ ಸ್ಕೂಟಿಯೊಂದು ತಟ್ಟನೆ ನಿಂತಿತು. ಅದರ ದೀಪ ಹತ್ತಲಿಲ್ಲ. ಗಾಬರಿಬಿದ್ದ ಅಂದಾನೆಪ್ಪ ರೂಢಿಯಂತೆ ಹೆಬ್ಬೆರಳು ಮುಟ್ಟಿಸಿದ. ಅಂಬಾಸಡರಿನ ದೀಪ ಮಾತ್ರ ಸೊಗಸಾಗಿ ಹತ್ತಿತು. ಹಿಂದಿದ್ದವರೆಲ್ಲ ಸಾಲಾಗಿ ನಿಂತರು. ಅಂಬಾಸಡರು ನಿಲ್ಲಲಿಲ್ಲ.

ಢಬ್!

ಸ್ಕೂಟಿ ಮಗ್ಗುಲಿಗೆ ವಾಲಿತು, ಚೀಲದ ಬದನೆಕಾಯಿಗಳು ರಸ್ತೆಯ ತುಂಬ ಉರುಳಿದವು. ಓಡಿಸುತ್ತಿದ್ದವಳಿಗೆ ಏನೂ ಆಗಿರಲಿಲ್ಲ. ಹೆಲ್ಮೆಟ್ಟು ತೆಗೆದು ತಿರುಗಿದಳು. ನಿರ್ಮಲಾ!

ಉಡಚಪ್ಪ ಮುಂದೆ ಬಂದು ಅಂದಾನೆಪ್ಪನ ಪರ ವಹಿಸಿದ.

“ಅಕ್ಕಾರ, ಅಣ್ಣಾರದೇನೂ ತಪ್ಪಿಲ್ರಿ. ನಿಮ್ಮ ಸ್ಕೂಟಿ ದೀಪಾನ ಹತ್ತಲಿಲ್ಲ.”

ನಿರ್ಮಲಾ ಬಾಗಿ ನೋಡಿದಳು. ಒಡೆದ ಗಾಜಿನೊಳಗೆ ಬಲ್ಬಿನ ಜಾಗ ಖಾಲಿಯಿತ್ತು. ನಿಧಾನವಾಗಿ ಕಾರಿನ ಹಿಂದಕ್ಕೆ ನಡೆದು ಹೋಗಿ, ಅಲ್ಲಿ ಉರಿಯುತ್ತಿದ್ದುದನ್ನು ಕಣ್ತುಂಬ ನೋಡಿದಳು.

“ಉಡಚಪ್ಪಾ, ಗುಜರಿಯಾವನ ನಂಬರ್ ಐತೇನು ನಿನ್ನ ಹತ್ರ?”

“ಐತ್ರಿ ಅಕ್ಕಾರ” ಎಂದು ಉಡಚಪ್ಪ ಲಗುಬಗೆಯಿಂದ ಮೊಬೈಲು ತೆಗೆದ.

ಅಂದಾನೆಪ್ಪನ ಕಾಲು ಇನ್ನೂ ಪೆಡಲಿನ ಮೇಲೆಯೇ ಇತ್ತು.