ನಾನು ಹತ್ತದ ಗುಡ್ಡಕ್ಕೆ ನಾನೇ ಗೈಡು

ಪಾಠ ಹೇಳುವವರಿಗೆ ಒಂದು ಅನುಕೂಲವಿದೆ. ನೋಡದ ಊರನ್ನು ನೋಡಿದಂತೆ ಬಣ್ಣಿಸಿದರೂ, ಬಸ್ ಟಿಕೆಟ್ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ಹೊಸನಗರದ ಹತ್ತಿರದ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷದಿಂದ ಭೂಗೋಳ ಹೇಳುತ್ತಿರುವ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ. ಆಲ್ಪ್ಸ್ ಪರ್ವತದ ಹುಲ್ಲುಗಾವಲಿನ ಪಾಠ ಬಂದಾಗಲೆಲ್ಲ, "ಅಷ್ಟು ದೂರ ಯಾಕೆ? ನಮ್ಮ ಗುಡ್ಡದ ನೆತ್ತಿಗೆ ಹೋಗಿ. ರತ್ನಗಂಬಳಿ ಹಾಸಿದ ಹಾಗಿದೆ. ಸಂಜೆ ಸೂರ್ಯ ಸಮುದ್ರಕ್ಕೆ ಇಳಿಯೋದು ಕಾಣುತ್ತೆ" ಅನ್ನುತ್ತಿದ್ದೆ. ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಈಗ ಸತ್ಯ ಹೇಳಿಬಿಡುತ್ತೇನೆ: ಆ ಗುಡ್ಡವನ್ನು ನಾನು ಹತ್ತಿರಲೇ ಇಲ್ಲ.

ಕಾರಣ ನನ್ನ ಡಿಗ್ರಿ. ಅಪ್ಪನಿಗೆ ಆ ಗುಡ್ಡ ಅಂದರೆ ಕರಡದ ಹುಲ್ಲು ಕೊಯ್ದು, ಹೊರೆ ಹೊತ್ತು ಇಳಿಯುವ ಜಾಗ. ನಾನೂ ಬರ್ತೀನಿ ಅಂದರೆ, "ಗುಡ್ಡ ನಾನು ನೋಡ್ಕಳ್ತೀನಿ, ನೀನು ಪುಸ್ತಕ ನೋಡು" ಅನ್ನುತ್ತಿದ್ದ. ಹಾಗೆ ನೋಡಿ ನೋಡಿ ನಮ್ಮ ವಂಶಕ್ಕೆ ಮೊದಲ ಬಿ.ಎ. ಬಂತು. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದ ಮೇಲೆ ಬಂದದ್ದು, ಆದರೂ ಬಂತು. ಮನೆಯ ಗೇಟಿನ ಬೋರ್ಡಿನಲ್ಲಿ ನನ್ನ ಹೆಸರಿಗಿಂತ ಅದರ ಅಕ್ಷರವೇ ದಪ್ಪ.

ಕಳೆದ ಅಕ್ಟೋಬರಿನಲ್ಲಿ, ದಾವಣಗೆರೆ ಕಡೆಯಿಂದ ವರ್ಗವಾಗಿ ಬಂದಿದ್ದ ಹೆಡ್‌ಮೇಡಂ, "ಶನಿವಾರ ಸಂಜೆ ಸ್ಟಾಫೆಲ್ಲ ಆ ಗುಡ್ಡಕ್ಕೆ ಹೋಗೋಣ. ದಾರಿ ತೋರ್ಸಾಕೆ ನೀವಿದ್ದೀರಲ್ಲ" ಅಂದರು. ಇಲ್ಲ ಅನ್ನಲೆಂದೇ ಬಾಯಿ ತೆರೆದೆ. "ಅದಕ್ಕೇನಂತೆ ಮೇಡಂ" ಅಂತ ಬಂತು.

ಶನಿವಾರ ಜೀಪಿನ ಡ್ರೈವರನ್ನು ನೋಡಿ ಹಿಂದಿನ ಸೀಟಿಗೆ ಸರಿದೆ. ಶೀನ! ಏಳನೇ ಕ್ಲಾಸಿನವರೆಗೆ ನನ್ನ ಜೊತೆ ಓದಿ, ಆಮೇಲೆ ನನ್ನಪ್ಪನ ಜೊತೆ ಹುಲ್ಲು ಹೊರಲು ಹೋದವನು. ನನ್ನ ಗುಟ್ಟು ಗೊತ್ತಿರುವ ಒಬ್ಬನೇ ಮನುಷ್ಯ. ಅವನು ಮೀಸೆಯಲ್ಲೇ ನಕ್ಕ.

ಜೀಪು ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು. ಗಣಿತದ ಮೇಷ್ಟ್ರು ಮೂರು ಸಲ ನನ್ನ ತೊಡೆಯ ಮೇಲೆ ಬಂದು ಕೂತು, ಮೂರು ಸಲವೂ ಸಾರಿ ಕೇಳಿದರು. ದಾರಿ ಕವಲೊಡೆದಲ್ಲಿ ಶೀನ ಜೀಪು ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ, "ಮೇಷ್ಟ್ರೇ, ಎಡಕ್ಕಾ, ಬಲಕ್ಕಾ?" ಅಂದ. ದಿನಾ ಹತ್ತಿ ಇಳಿಯುವವನು! "ಬಲಕ್ಕೆ" ಅಂದೆ, ಭೂಗೋಳದ ಗತ್ತಿನಲ್ಲಿ. ಅವನು ಬಲಕ್ಕೇ ತಿರುಗಿಸಿದ. ಜೀಪು ಸೀದಾ ಯಾರದೋ ಅಂಗಳಕ್ಕೆ ನುಗ್ಗಿ, ಎಮ್ಮೆಯ ಎದುರು ನಿಂತಿತು. ಹಾಲು ಕರೆಯುತ್ತಿದ್ದ ಅಜ್ಜಿ ತಂಬಿಗೆ ಸಮೇತ ಎದ್ದು, "ಯಾರ್ರಾ ಅದು? ಕೊಟ್ಟಿಗೆ ಒಳಗೇ ಬರ್ತೀರಾ ಹ್ಯಾಂಗೆ?" ಅಂದರು.

ಮೇಡಂ ನನ್ನ ಮುಖ ನೋಡಿದರು. ಎಮ್ಮೆಯೂ ನೋಡಿತು. ಹನ್ನೆರಡು ವರ್ಷದ ಮರ್ಯಾದೆ ಹೋಯಿತು ಅಂದುಕೊಂಡೆ.

"ಮೇಲೆ ನೀರು ಸಿಗಲ್ಲ ಮೇಡಂ. ಇಲ್ಲೇ ಕುಡ್ಕಂಡು ಹೋಗ್ಲಿ ಅಂತ ಮೇಷ್ಟ್ರು ಇತ್ಲಾಗೆ ತಿರುಗ್ಸಿದ್ದು" ಅಂದ ಶೀನ.

"ಎಂಥಾ ಮುಂದಾಲೋಚನೆ!" ಅಂದರು ಮೇಡಂ.

ಅಜ್ಜಿ ಬೆಲ್ಲ, ನೀರು ಕೊಟ್ಟರು. ನಾನು ಪಿಸುಗುಟ್ಟಿದೆ: "ಬದುಕಿಸ್ದೆ ಮಾರಾಯ."

"ಸುಮ್ನೆ ಕುಡಿಯೋ. ಮುಂದಿನ ಕವಲಲ್ಲಿ ಕೇಳಲ್ಲ."

ಕೊನೆಯ ಅರ್ಧ ಗಂಟೆ ನಡಿಗೆ. ನೆತ್ತಿ ತಲುಪಿದಾಗ ಸೊಂಟದೆತ್ತರದ ಹುಲ್ಲು ಗಾಳಿಗೆ ಒಂದೇ ಸಮ ಬಾಗುತ್ತಿತ್ತು. ಮುಟ್ಟಿದೆ, ಕೈ ಕೊಯ್ದಿತು. ರತ್ನಗಂಬಳಿಯನ್ನು ನಂಬಿ ಕೂತ ಮೇಡಂ ಕೂತಷ್ಟೇ ಬೇಗ ಎದ್ದರು: ಕಾಲಿಗೆ ರಕ್ತ ಹೀರುವ ಎರಡು ಉಂಬಳ. ಪಡುವಣದಲ್ಲಿ ಬರೀ ಮಂಜು. "ಸಮುದ್ರ ಎಲ್ಲಿ ಸಾರ್?" ಅಂದರು ಗಣಿತದವರು. ನನಗೂ ಸಾಕಾಗಿತ್ತು. "ನಾನೂ ಇವತ್ತೇ ಮೊದಲು ನೋಡ್ತಿರೋದು" ಅಂದೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಹಾಸ್ಯಪ್ರಜ್ಞೆ ಬಹಳ ಚೆನ್ನಾಗಿದೆಯಂತೆ. ಶೀನ ಮಾತ್ರ ನಗದೆ ಒಂದು ಬಂಡೆ ತೋರಿಸಿದ. "ನಿಮ್ಮಪ್ಪ ಹೊರೆ ಇಳ್ಸಿ ಕೂರ್ತಿದ್ದದ್ದು ಅಲ್ಲಿ. ಮಗ ಓದ್ತಾನೆ ಅಂತ ನಮ್ಗೆಲ್ಲ ಹೇಳಿ ಹೇಳಿ ತಲೆ ತಿಂತಿದ್ರು." ನಾನು ಹೋಗಿ ಆ ಬಂಡೆಯ ಮೇಲೆ ಸ್ವಲ್ಪ ಹೊತ್ತು ಕೂತೆ. ಉಂಬಳ ಹತ್ತಿದರೆ ಹತ್ತಲಿ.

ಸೋಮವಾರ ಕ್ಲಾಸಿನಲ್ಲಿ ಮೊದಲ ಸಲ ಕಂಡದ್ದನ್ನೇ ಹೇಳಿದೆ: ಕೈ ಕೊಯ್ಯುವ ಹುಲ್ಲು, ಉಂಬಳ, ಮಂಜು, ಒಂದು ಬಂಡೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಸಾರ್, ನಮ್ಮಕ್ಕನ ಕ್ಲಾಸಿಗೆ ನೀವು ಹೇಳಿದ್ದು ಹೀಗಲ್ಲ. ನೀವು ನಿಜವಾಗ್ಲೂ ಅಲ್ಲಿಗೆ ಹೋಗಿದ್ರಾ?"