ಗ್ರೈಂಡರಿನಲ್ಲಿ ಕೂತ ತಾಮ್ರದ ಬಾತುಕೋಳಿ

ನನ್ನ ಹೆಂಡತಿಯ ಅಣ್ಣ ಅನಂತರಾಜು ಹೋದ ವಾರ ನಮ್ಮ ಕೈತೋಟದ ಕಲ್ಲುಬೆಂಚಿನ ಮೇಲೆ ಕೂತರು. ಅಲ್ಲಿ ಆಗಲೇ ಒಂದು ತಾಮ್ರದ ಬಾತುಕೋಳಿ ಕೂತಿತ್ತು! ಕೂತ ವೇಗದಲ್ಲೇ ಎದ್ದರಾದರೂ, ಅಷ್ಟರಲ್ಲಿ ಅವರ ಬಿಳಿ ಪಂಚೆಯ ಹಿಂಭಾಗಕ್ಕೆ ಹಸಿರು ಕಿಲುಬಿನ ಸೀಲು ಬಿದ್ದಾಗಿತ್ತು. ಅದು ಆಗ ನಮ್ಮ ಯಾರ ಕಣ್ಣಿಗೂ ಬೀಳಲಿಲ್ಲ. ಆ ಸೀಲಿನೊಂದಿಗೇ ಅವರು ಚನ್ನಪಟ್ಟಣದಲ್ಲಿ ಬಸ್ ಹತ್ತಿ, ರಾಮನಗರದಲ್ಲಿ ಬದಲಿಸಿ, ಮಾಗಡಿಯಲ್ಲಿ ಮತ್ತೆ ಬದಲಿಸಿ ಸೋಲೂರು ಸೇರಿದರು. ಬಾತುಕೋಳಿಯನ್ನು ಆಸೆಪಟ್ಟು ತಂದು ಬೆಂಚಿನ ಮೇಲೆ ಕೂರಿಸಿದವನು ನಾನು. ಆದ್ದರಿಂದ ಬೈಗುಳದ ಸಂಪೂರ್ಣ ಹಕ್ಕುಗಳೂ ನನ್ನವೇ.

"ಬರೋ ಭಾನುವಾರ ಗಂಡಿನ ಕಡೆಯೋರು ಇಲ್ಲಿಗೇ ಬರ್ತಾರೆ, ನೆನಪಿದೆಯಾ?" ಎಂದಳು ಹೆಂಡತಿ ಸೌಮ್ಯ.

ನೆನಪಿಲ್ಲದೆ ಏನು! ಅನಂತರಾಜು ಅವರ ಮಗಳು ಭಾನುಪ್ರಿಯಳನ್ನು ನೋಡಲು ಬರುತ್ತಿದ್ದರು. ಹುಡುಗ ನಟರಾಜುವಿಗೆ ಬಿಡದಿಯ ಕಾರ್ಖಾನೆಯಲ್ಲಿ ಕೆಲಸ, ಮನೆ ಕನಕಪುರ. ಅವರಿಗೆ ಸೋಲೂರು ದೂರವೆಂದು ನಮ್ಮ ಮನೆಯಲ್ಲೇ ಶಾಸ್ತ್ರ. ಹುಡುಗ ಹುಡುಗಿ ಫೋನಿನಲ್ಲೇ ಒಪ್ಪಿಯಾಗಿತ್ತು. ಒಪ್ಪಬೇಕಾದವರು ಹುಡುಗನ ತಾಯಿ ಮಾಯಮ್ಮ ಒಬ್ಬರೇ. ಆಕೆ ಹಿಂದೆ ಒಂದು ಸಂಬಂಧವನ್ನು ಸಾರಿಗೆ ಉಪ್ಪು ಸಾಲದೆಂದು ಬಿಟ್ಟವರಂತೆ!

"ಆ ಬಾತುಕೋಳಿನ ಮೊದಲು ಅಟ್ಟಕ್ಕೆ ಹಾಕಿ."

"ಅಟ್ಟಕ್ಕಾ? ಮಾಯಮ್ಮನವರು ಅದರಲ್ಲಿ ಮುಖ ನೋಡ್ಕೊಂಡು ಕುಂಕುಮ ಸರಿಮಾಡ್ಕೋಬೇಕು, ಹಂಗೆ ಬೆಳಗ್ತೀನಿ ನೋಡ್ತಿರು!"

ಶನಿವಾರ ಬೆಳಿಗ್ಗೆ ಹುಣಸೆಹಣ್ಣು, ಉಪ್ಪು ಮತ್ತು ಹಳೆಯ ಬನಿಯನ್ ಸಮೇತ ರಣರಂಗಕ್ಕಿಳಿದೆ. ರೆಕ್ಕೆ ತಿಕ್ಕಿದೆ, ಕೊಕ್ಕು ತಿಕ್ಕಿದೆ, ಭರದಲ್ಲಿ ನನ್ನ ಮೊಣಕಾಲನ್ನೂ ತಿಕ್ಕಿಕೊಂಡೆ. ಕಿಲುಬು ಕಾಲಿಗೆ ಬುದ್ಧಿ ಹೇಳಿತು! ತೊಳೆದು ಬಿಸಿಲಿಗಿಟ್ಟರೆ ಸೂರ್ಯನೇ ಕಣ್ಣು ಕಿರಿದು ಮಾಡಿದ.

"ಪರವಾಗಿಲ್ಲ ಕಣ್ರೀ," ಎಂದಳು ಸೌಮ್ಯ. ನಮ್ಮ ಮನೆಯಲ್ಲಿ 'ಪರವಾಗಿಲ್ಲ' ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಸಮ. "ಒಣಗಿದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ ಬಿಟ್ಬಿಡಿ, ಸಾಕು."

"ಎಣ್ಣೆಯಾ? ಒಂದು ಮಳೆ ಬಂದ್ರೆ ಮತ್ತೆ ಹಸಿರು! ಚನ್ನಪಟ್ಟಣದಲ್ಲಿದ್ದುಕೊಂಡು ಅರಗು ಹಾಕ್ದೆ ಬಿಡೋದಾ?"

ನಮ್ಮೂರಿನಲ್ಲಿ ಬುಗುರಿಯಿಂದ ಬಳೆಯವರೆಗೆ ಅರಗಿನ ಬಣ್ಣ ಮೆತ್ತಿಸಿಕೊಳ್ಳದ ವಸ್ತುವಿಲ್ಲ. ನೇರವಾಗಿ ಗೊಂಬೆ ಮಾಡುವ ಗೆಳೆಯ ಶುಕೂರ್ ಹತ್ತಿರ ಹೋದೆ.

"ಸಾರ್, ಇದು ಮರಕ್ಕೆ ಹಾಕೋದು. ಮೆಷಿನ್ ಮೇಲೆ ಮರ ಗಿರಗಿರ ತಿರುಗ್ತಾ ಇರ್ಬೇಕು, ಆ ಬಿಸಿಗೆ ಅರಗು ಕರಗಿ ಹಿಡ್ಕೊಳ್ತದೆ. ನಿಮ್ಮನೇಲಿ ತಿರುಗೋದು ಏನೈತೆ?"

"ಸದ್ಯಕ್ಕೆ ನನ್ನ ತಲೆ ಒಂದೇ ಶುಕೂರ್."

ಅವನು ನಕ್ಕು ಒಂದು ಹಳದಿ ಅರಗಿನ ಕಡ್ಡಿ ಕೊಟ್ಟ. ದಾರಿಯಲ್ಲಿ ತಲೆಯೊಳಗೆ ಮಿಂಚು ಹೊಳೆಯಿತು. ಗ್ರೈಂಡರ್!

ಸೌಮ್ಯ ಹೂವು ತರಲು ಪೇಟೆಗೆ ಹೋಗಿದ್ದಳು. ಗ್ರೈಂಡರಿನ ಕಲ್ಲುಗಳನ್ನು ತೆಗೆದು ಬಾತುಕೋಳಿಯನ್ನು ಒಳಗೆ ಕೂರಿಸಿ ಸ್ವಿಚ್ ಒತ್ತಿದೆ. ಅದು ಗಂಭೀರವಾಗಿ ಪ್ರದಕ್ಷಿಣೆ ಶುರುಮಾಡಿತು. ಅರಗು ಒತ್ತಿದೆ, ಕರಗಲಿಲ್ಲ. ಬಿಡುವವನೇ ನಾನು? ಹೆಂಡತಿಯ ಹೇರ್ ಡ್ರೈಯರ್ ತಂದು ಬಿಸಿಗಾಳಿ ಬಿಟ್ಟೆ. ಕರಗಿತು! ಒಂದಿಷ್ಟು ಅರಗು ಬಾತುಕೋಳಿಗೆ ಹಳದಿ ಶಲ್ಯ ಹೊದಿಸಿತು. ಮಿಕ್ಕಿದ್ದೆಲ್ಲ ಇಳಿದು ತಳ ಸೇರಿತು. ಆಗ ಕರೆಂಟ್ ಹೋಯಿತು.

ಕರೆಂಟ್ ಬರುವಷ್ಟರಲ್ಲಿ ಅರಗು ಕಲ್ಲಾಗಿತ್ತು. ಬಾತುಕೋಳಿಯ ಕತ್ತು ಹಿಡಿದು ಎಳೆದೆ. ಗ್ರೈಂಡರೂ ಜೊತೆಗೇ ಮೇಲೆದ್ದಿತು! ಮತ್ತೆ ಬಿಸಿ ಮಾಡೋಣವೆಂದರೆ ಹೇರ್ ಡ್ರೈಯರ್ ಒಂದು ಸಲ ಹೊಗೆ ಬಿಟ್ಟು ಕಣ್ಣು ಮುಚ್ಚಿತು.

ಹಿಂತಿರುಗಿದ ಸೌಮ್ಯ ನೆನೆಸಿದ ಅಕ್ಕಿ, ಉದ್ದಿನಬೇಳೆಯ ಪಾತ್ರೆ ಹಿಡಿದು ಗ್ರೈಂಡರ್ ಮುಂದೆ ನಿಂತಳು. ಬಾತುಕೋಳಿಯನ್ನು ನೋಡಿದಳು. ನನ್ನನ್ನು ನೋಡಿದಳು.

"ರೀ, ನಾಳೆ ಇಡ್ಲಿಗೆ ಎಲ್ಲಿ ರುಬ್ಬಲಿ? ನಿಮ್ಮ ತಲೆ ಮೇಲಾ?"

"ಉಪ್ಪಿಟ್ಟು ಮಾಡಿದ್ರೆ..."

"ಮಾಯಮ್ಮನಿಗೆ ಉಪ್ಪಿಟ್ಟು! ಭಾನು ಮದ್ವೆ ಮುರಿದ್ರೆ ನಮ್ಮಣ್ಣಂಗೆ ನೀವೇ ಜವಾಬು ಹೇಳ್ಕೊಳ್ಳಿ."

ಭಾನುವಾರ ಗ್ರೈಂಡರಿಗೆ ಟವೆಲ್ ಹೊದಿಸಿ ಮೂಲೆಗೆ ಸರಿಸಿದೆವು. ಮಾಯಮ್ಮ ಉಪ್ಪಿಟ್ಟಿಗೆ ಮೇಲೊಂದು ಚಿಟಿಕೆ ಉಪ್ಪು ಉದುರಿಸಿಕೊಂಡು ತಿಂದರು. ಸೌಮ್ಯಳ ಪ್ರಾಣ ಅರ್ಧ ಹೋಯಿತು. ಮಾಯಮ್ಮ ಎದ್ದವರು ಹಜಾರಕ್ಕೆ ಹೋಗದೆ ಸೀದಾ ಅಡುಗೆಮನೆಗೆ ಬಂದರು, ಹಿಂದೆಯೇ ನಾವೆಲ್ಲ. ಕೈ ಒರೆಸಿಕೊಳ್ಳಲು ಅವರ ಕಣ್ಣಿಗೆ ಬಿದ್ದದ್ದು ಅದೇ ಟವೆಲ್!

"ಇದೇನವ್ವಾ ಇದು, ಗ್ರೈಂಡ್ರೊಳ್ಗೆ ಬಾತ್ಕೋಳಿ ಕುಂತೈತೆ?"

ಅನಂತರಾಜು ಸೂರು ನೋಡತೊಡಗಿದರು. ನಟರಾಜು ಕೆಮ್ಮಿದ. ನಾನು ಮಾತ್ರ ಧೈರ್ಯಗೆಡಲಿಲ್ಲ.

"ಸುತ್ತಲೂ ಹೊಳಪು ಕಾಣ್ಲಿ ಅಂತ ಈ ಏರ್ಪಾಡು ಅಮ್ಮಾ!" ಎಂದು ಸ್ವಿಚ್ ಒತ್ತಿದೆ. ಬಾತುಕೋಳಿ ಹಳದಿ ಶಲ್ಯದೊಂದಿಗೆ ನಿಧಾನವಾಗಿ ಸುತ್ತುತ್ತ ಎಲ್ಲರಿಗೂ ದರ್ಶನ ಕೊಟ್ಟಿತು. ಮಾಯಮ್ಮ ಅದನ್ನು ಒಂದು ಪೂರ್ತಿ ಸುತ್ತು ನೋಡಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕೊನೆಗೆ ಭಾನುವಿನ ಕಡೆ ತಿರುಗಿದರು.

"ಒಂದ್ಮಾತು ಕೇಳ್ತೀನಿ ಮಗಾ, ಮುಚ್ಚುಮರೆ ಬ್ಯಾಡ. ನಿಮ್ಮ ವಂಸದೋರೆಲ್ಲ ಹಿಂಗೇಯಾ?"

ಇಡೀ ಮದುವೆ ಆ ಉತ್ತರದ ಮೇಲೆ ನಿಂತಿತ್ತು. ಸೌಮ್ಯ ಕಣ್ಣು ಮುಚ್ಚಿಕೊಂಡಳು. ಭಾನು ಕಾಫಿ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಇಲ್ಲಮ್ಮ. ಮಾವ ನಮ್ಮ ವಂಶದೋರಲ್ಲ. ಅತ್ತೆ ಮದ್ವೇಲಿ ಬಂದೋರು."