ಬಾ ಎಂದರೆ ಬಾ, ಬಾವ ಎಂದರೆ ನಿಲ್ಲು

ಮಸೀರಾ ದ್ವೀಪದಿಂದ ಹೊರಟ ಫೆರಿ ಆಚೆ ದಡ ಮುಟ್ಟುವುದರೊಳಗೆ ಹೆಂಡತಿ ಡೊರೊತಿಯನ್ನು ಒಂದು ಸಲವಾದರೂ ನಗಿಸಿಯೇ ತೀರುವೆನೆಂದು ಬೊನಿಫಾಸ್ ಬೆಳಗ್ಗೆ ಹಲ್ಲುಜ್ಜುವಾಗಲೇ ಶಪಥ ಮಾಡಿದ. ಬಾಯಿತುಂಬ ಪೇಸ್ಟಿನ ನೊರೆ ಇದ್ದುದರಿಂದ ಶಪಥ ಸ್ವಲ್ಪ ಅಸ್ಪಷ್ಟವಾಗಿತ್ತು, ಆದರೆ ಅಚಲವಾಗಿತ್ತು.

ಅವನೇನು ಸಾಮಾನ್ಯ ಆಸಾಮಿಯೇ! ಅವನಿದ್ದ ಅರಬ್ಬಿ ಊರು ಬರ್ಕಾದ ಕೊಂಕಣಿ ಬಳಗದಲ್ಲಿ ಪದಗಳ ಕೈಕಾಲು ಮುರಿದು ಜೋಡಿಸಲು ಪರವಾನಗಿ ಇದ್ದದ್ದು ಅವನೊಬ್ಬನಿಗೇ. ಅವನ ಶ್ಲೇಷೆ ಕೇಳಿ ಬಿರಿಯಾನಿ ನೆತ್ತಿಗೇರಿಸಿಕೊಂಡವರಿದ್ದಾರೆ. ಆದರೆ ಡೊರೊತಿಯ ತಮ್ಮ ಆಸ್ವಾಲ್ಡ್ ತೀರಿಕೊಂಡ ಮೇಲೆ ಆ ಅಂಗಡಿ ಬಂದ್. ಮಸೀರಾದ ಐಸ್ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಆಗಿದ್ದ ಅವನ ಎದೆಬಡಿತ, ಗೋನು ಚಂಡಮಾರುತ ಬಂದುಹೋದ ವರ್ಷದ ಒಂದು ಮಧ್ಯಾಹ್ನ, ಯಾರಿಗೂ ಹೇಳದೆ ಕೇಳದೆ ನಿಂತುಬಿಟ್ಟಿತು. ಶವಪೆಟ್ಟಿಗೆ ಮಂಗಳೂರಿಗೆ ವಿಮಾನ ಹತ್ತಿದಾಗ ಡೊರೊತಿ ಅಳಲಿಲ್ಲ. ತಿಂಗಳ ಪೂಜೆಯಲ್ಲೂ ಅಳಲಿಲ್ಲ. ನಗುವುದಂತೂ ದೂರ, ತಮ್ಮನ ಹೆಸರನ್ನೇ ಎತ್ತಲಿಲ್ಲ. "ಗ್ಯಾಸ್ ಮುಗೀತು", "ಹಾಲು ತನ್ನಿ", ಮನೆಯಲ್ಲಿ ಉಳಿದದ್ದು ಇಷ್ಟೇ ಮಾತು. ಅವಳನ್ನು ಅಳಿಸುವ ಧೈರ್ಯ ಬೊನಿಫಾಸನಿಗಿರಲಿಲ್ಲ. ಅವನಿಗೆ ಗೊತ್ತಿದ್ದ ಔಷಧಿ ನಗಿಸುವುದೊಂದೇ.

ಆಸ್ವಾಲ್ಡನದೆಂದು ಉಳಿದದ್ದು ಒಂದು ಬಿಳಿ ಕಾರು. ಅದನ್ನು ಬರ್ಕಾಕ್ಕೆ ಒಯ್ಯಲೆಂದೇ ಗಂಡ ಹೆಂಡತಿ ಹಿಂದಿನ ದಿನ ಗೆಳೆಯರೊಬ್ಬರ ಗಾಡಿಯಲ್ಲಿ ದ್ವೀಪಕ್ಕೆ ಬಂದಿದ್ದರು. ಆಸ್ವಾಲ್ಡ್ ಆರಡಿ ಎತ್ತರದವ. ಬೊನಿಫಾಸನ ಎತ್ತರದ ವಿಷಯ ಈಗ ಬೇಡ. ಸೀಟಿನಲ್ಲಿ ಕೂತರೆ ಬ್ರೇಕಿಗೂ ಅವನ ಪಾದಕ್ಕೂ ನಡುವೆ ದೊಡ್ಡ ಅಂತರ. ಇಷ್ಟು ವರ್ಷ ಗಲ್ಫಿನಲ್ಲಿದ್ದರೂ ಇಂಥ ಗಲ್ಫನ್ನು ಅವನು ನೋಡಿರಲಿಲ್ಲ. ಸೀಟನ್ನು ಮುಂದಕ್ಕೆಳೆಯಲು ಬಗ್ಗಿದ.

"ಮುಟ್ಟಬೇಡಿ," ಎಂದಳು ಡೊರೊತಿ.

"ಕಾಲು ಎಟಕುವುದಿಲ್ಲ ಮಾರಾಯ್ತಿ."

"ದಿಂಬು ತರ್ತೇನೆ. ಸೀಟು ಇದ್ದ ಹಾಗೇ ಇರಲಿ. ಕನ್ನಡಿ ಕೂಡ."

ಹೀಗೆ ಬೆನ್ನಿಗೆ ಒಂದು ದಿಂಬು, ಅದರ ಹಿಂದೆ ಮತ್ತೊಂದು ದಿಂಬು ಇಟ್ಟುಕೊಂಡು, ಹೆಬ್ಬೆರಳ ತುದಿಯಿಂದ ಕಾರು ಓಡಿಸುತ್ತ ಬೊನಿಫಾಸ್ ಹೊರಟ. ಕನ್ನಡಿಯಲ್ಲಿ ಹಿಂದಿನ ರಸ್ತೆಯ ಬದಲು ಕಾರಿನ ಚಾವಣಿ ಕಾಣುತ್ತಿತ್ತು.

"ಈ ಊರಿನ ಹೆಸರು ಹಿಲ್ಫ್," ಎಂದು ಶುರುಮಾಡಿದ. "ಹೆಲ್ಪಿಗೆ ಮಾತ್ರ ಒಬ್ಬನೂ ಇಲ್ಲ ನೋಡು."

"ನೀರಿನ ಬಾಟಲಿ ಹಿಂದೆ ಉಂಟು."

"ಮಸೀರಾದಲ್ಲಿ ಮೊಸರು ಸಿಗ್ತದಾ?"

"ಆಚೆ ದಡದಲ್ಲಿ ಶನ್ನಾ ಬಂದರಿನ ಅಂಗಡಿಯಲ್ಲಿ ಇರ್ತದೆ. ತಗೊಳ್ಳುವ."

ಪಾಪ, ಅವಳು ಅದನ್ನು ನಿಜವಾದ ಮೊಸರೆಂದೇ ತಿಳಿದಳು. 'ಶನ್ನಾಕ್ಕೆ ಸಣ್ಣ ಫೆರಿ' ಎಂಬುದು ನಾಲಿಗೆಯ ತುದಿಯವರೆಗೆ ಬಂದಿತ್ತು, ಬೊನಿಫಾಸ್ ನುಂಗಿಕೊಂಡ. ಅವನದೊಂದು ದ್ವೀಪ, ಅವಳದೊಂದು ದ್ವೀಪ, ನಡುವೆ ಗೇರಿನ ಕಡ್ಡಿ. ಮಸೀರಾಕ್ಕಾದರೂ ಫೆರಿ ಉಂಟು.

ಬಂದರಿನಲ್ಲಿ ಫೆರಿ ಬಾಯಿ ತೆರೆದು ಕಾದಿತ್ತು. ಲುಂಗಿ ಎತ್ತಿ ಕಟ್ಟಿದ ಫೆರಿಯವನು ಕೈಬೀಸಿ, "ರಿವರ್ಸ್. ಯಲ್ಲಾ," ಎಂದು ಅವಸರಿಸಿದ. ಎಲ್ಲ ಗಾಡಿಗಳೂ ಹಿಮ್ಮುಖವಾಗಿಯೇ ಹತ್ತಬೇಕಂತೆ, ಆಚೆ ದಡದಲ್ಲಿ ನೇರ ಇಳಿಯಲಿಕ್ಕೆ.

ಬೊನಿಫಾಸನ ಮುಖ ಬಿಳಿಚಿತು. ಅವನಿಗೆ ಕಾರು ಕಲಿಸಿದವನು ಆಸ್ವಾಲ್ಡನೇ. ಬರ್ಕಾದ ಖಾಲಿ ಜಾಗವೊಂದರಲ್ಲಿ ಕಾರಿನ ಹಿಂದೆ ನಿಂತು, "ಬಾ ಬಾವ, ಬಾ ಬಾವ" ಎಂದು ಕೂಗಿದ್ದ. ಇಬ್ಬರೂ ಓರಗೆಯವರು, ಬಹುವಚನದ ಹಂಗಿರಲಿಲ್ಲ. ಬಾವ ಬಂದ, ಬಂದ, ನೀರಿನ ಟ್ಯಾಂಕಿಗೆ ಗುದ್ದಿಯೇಬಿಟ್ಟ.

"ನಿಲ್ಲಲಿಕ್ಕೆ ಗೊತ್ತಾಗುವುದಿಲ್ವಾ?"

"ನೀನು ಬಾ ಬಾ ಅಂತ ಕರೀತಾ ಇದ್ದೆ."

"ಒಂದು ಬಾ ನನ್ನದು. ಇನ್ನೊಂದು ಬಾವನ ಬಾ."

ಕೊನೆಗೆ ಆಸ್ವಾಲ್ಡ್ ಕಾನೂನು ಮಾಡಿದ: ಬಾ ಎಂದರೆ ಬಾ, ಬಾವ ಎಂದರೆ ನಿಲ್ಲು. ಚಹಾದ ಫ್ಲಾಸ್ಕ್ ಹಿಡಿದು ನಿಂತಿದ್ದ ಡೊರೊತಿ ಅಂದು ನೆಲದಲ್ಲೇ ಕೂತು ನಕ್ಕಿದ್ದಳು. ಆಮೇಲೆ ಬೊನಿಫಾಸ್, ಮುಂದಕ್ಕೆ ಹೋಗಿಯೇ ಹೊರಬರಬಹುದಾದ ಜಾಗದಲ್ಲಿ ಮಾತ್ರ ಗಾಡಿ ನಿಲ್ಲಿಸಿ ಸಂಸಾರ ಸಾಗಿಸಿದ್ದ.

ಈಗ ಡೊರೊತಿ ಇಳಿದು ಫೆರಿಯೊಳಗೆ ಹೋಗಿ ನಿಂತಳು.

"ಬನ್ನಿ... ಬನ್ನಿ... ಸ್ವಲ್ಪ ಎಡಕ್ಕೆ."

"ತಆಲ್, ತಆಲ್," ಎಂದು ಫೆರಿಯವನೂ ಅರಬ್ಬಿಯಲ್ಲಿ ಕರೆದ. ಕಾರಿನ ಹಿಂದೆ, ಫೆರಿಯೊಳಗೆ, ಮೊದಲೇ ಹತ್ತಿದ್ದ ಆಡು ತುಂಬಿದ ಪಿಕಪ್ ಒಂದು ನಿಂತಿತ್ತು. ಆಡುಗಳೂ ತಮಗೆ ತಿಳಿದ ಭಾಷೆಯಲ್ಲಿ ಕರೆದವು. ಹಲಗೆ ಏರುವಾಗ ಕಾರು ಮುಗ್ಗರಿಸಿ, ದಿಂಬುಗಳೆರಡೂ ಪಕ್ಕಕ್ಕೆ ಜಾರಿದವು. ಬೊನಿಫಾಸ್ ಹಿಂದಕ್ಕೆ ಒರಗಿದ, ಬ್ರೇಕು ದೂರವಾಯಿತು. ಕನ್ನಡಿಯಲ್ಲಿ ಚಾವಣಿ ಮಾತ್ರ ನಿಶ್ಚಿಂತೆಯಿಂದಿತ್ತು.

"ಸಾಕು! ನಿಲ್ಲಿಸಿ! ರೀ, ನಿಲ್ಲಿಸಿ!"

ಎಂಜಿನ್ನಿನ ಸದ್ದಿನಲ್ಲಿ, ಆಡುಗಳ ಗದ್ದಲದಲ್ಲಿ ಒಂದೂ ಕೇಳಿಸಲಿಲ್ಲ. ಆಗ ಎಲ್ಲವನ್ನೂ ಸೀಳಿಕೊಂಡು ಒಂದು ಕೂಗು ಬಂತು:

"ಬಾವಾ!"

ಬೊನಿಫಾಸ್ ಯೋಚಿಸಲಿಲ್ಲ. ಸೀಟಿನಿಂದ ಕೆಳಕ್ಕೆ ಜಾರಿ ಎರಡೂ ಕಾಲನ್ನು ಬ್ರೇಕಿನ ಮೇಲೆ ಹೇರಿದ. ಕಾರು ನಿಂತಿತು. ಗೇಣು ದೂರದ ಪಿಕಪ್ಪಿನ ತಲೆಯ ಮೇಲಿಂದ ಒಂದು ಆಡು ಕತ್ತು ಚಾಚಿ ಕಾರಿನೊಳಗೆ ಇಣುಕಿತು. ಸ್ಟಿಯರಿಂಗ್ ಹಿಂದೆ ಯಾರೂ ಕಾಣದ್ದರಿಂದ ಫೆರಿಯವನು ಗಾಬರಿಯಾಗಿ, "ಡ್ರೈವರ್ ಕಿಧರ್?" ಎಂದ.

ಡೊರೊತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ತಾನು ಯಾರ ಮಾತನ್ನು ಕೂಗಿದೆ ಎಂಬುದು ಅವಳಿಗೆ ಆಗಷ್ಟೇ ಕೇಳಿಸಿದಂತಿತ್ತು. ಕಾರಿನ ಹತ್ತಿರ ಬಂದು ಕಿಟಕಿಯಲ್ಲಿ ಇಣುಕಿದಳು. ಪೆಡಲುಗಳ ಬಳಿ ಮುದುರಿ ಬಿದ್ದಿದ್ದ ಗಂಡನನ್ನು ಕಂಡದ್ದೇ ತಡ, ನಗು ಒಡೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಾರಿನ ಬಾಗಿಲಿಗೆ ಒರಗಿ ನಕ್ಕಳು. ನಗುನಗುತ್ತಲೇ "ಆಸ್ವಾಲ್ಡ್..." ಎಂದಳು. ಆ ಹೆಸರಿನ ಹಿಂದೆಯೇ ಅಳು ಬಂತು, ತಿಂಗಳಿನಿಂದ ಕಟ್ಟಿಟ್ಟದ್ದೆಲ್ಲ.

ಶಪಥ ಗೆದ್ದ ವೀರ ಕೆಳಗೇ ಕೂತು ಬ್ರೇಕನ್ನು ಇನ್ನೂ ಒತ್ತಿ ಹಿಡಿದಿದ್ದ. ತನ್ನನ್ನು ಬಾವ ಎಂದು ಕರೆಯುತ್ತಿದ್ದವನು ಲೋಕದಲ್ಲಿ ಆಸ್ವಾಲ್ಡ್ ಒಬ್ಬನೇ.

ಫೆರಿ ನಡುನೀರಿಗೆ ಬಂದಾಗ ಡೊರೊತಿ ಬಗ್ಗಿ, ಸೀಟಿನ ಕೆಳಗಿನ ಸರಳನ್ನು ತಾನೇ ಎಳೆದಳು. ಟಕ್ಕೆಂದಿತು. "ಮುಂದೆ ಬನ್ನಿ. ಅವನಷ್ಟು ಎತ್ತರ ನೀವು ಇನ್ನು ಆಗುವುದುಂಟಾ?"

ಬೊನಿಫಾಸ್ ಸೀಟಿನ ಸಮೇತ ಮುಂದೆ ಬಂದ. ಮೆಲ್ಲಗೆ, "ಅಂತೂ ನಿನ್ನನ್ನು ನಗಿಸಿದೆ," ಎಂದ.

"ಎಂತ ನಗಿಸಿದ್ದು ಮಾರಾಯ್ರೆ," ಎಂದು ಡೊರೊತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಆ ಜೋಕೂ ಅವನದ್ದೇ."

ಶನ್ನಾ ಬಂತು. ಮುಂದಿನ ಗಾಡಿಗಳು ಇಳಿದುಹೋದವು. ದಾರಿ ನೇರವಾಗಿತ್ತು, ಬ್ರೇಕು ಕಾಲಿಗೆ ಎಟಕುತ್ತಿತ್ತು. ಆದರೂ ಬೊನಿಫಾಸನ ಕಾರು ಕದಲಲಿಲ್ಲ. ಕಣ್ಣು ತುಂಬಿ, ಎದುರಿನ ಗಾಜಿನಲ್ಲಿ ಅವನಿಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹಿಂದಿನಿಂದ ಪಿಕಪ್ಪಿನವನು ಹಾರ್ನ್ ಹೊಡೆದ.

ಡೊರೊತಿ ಗಂಡನತ್ತ ನೋಡಿದಳು. ಮದುವೆಯಾದಂದಿನಿಂದ ಅವನನ್ನು ಏಕವಚನದಲ್ಲಿ ಕರೆದವಳಲ್ಲ.

"ಬಾ," ಎಂದಳು. ಮುಂದಿನ ಅಕ್ಷರವನ್ನು ಹೇಳಲಿಲ್ಲ.